ಮಟ್ಟಸ ಅಳೆದ ಉಪ್ಪು

ವಾರಿಜಾ, ಅವತ್ತು ಅಂಗಳದಲ್ಲಿ ನಿನ್ನ ಮೇಲೆ ಬಿದ್ದ ಮೊದಲ ಏಟು ನನ್ನದು. ಅದು ನಿನಗೆ ಗೊತ್ತಿರುವ ವಿಷಯವೇ, ಕೆನ್ನೆ ನಿನ್ನದಲ್ಲವೇ. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಭರಣಿಯ ಮಾವಿನ ಮಿಡಿ ಕೊಳೆತದ್ದು ನನ್ನಿಂದ. ಉಪ್ಪಿನ ಅಳತೆ ತಪ್ಪಿದ್ದು ನನ್ನ ಕೈಯಲ್ಲಿ. ಮತ್ತು — ಇಷ್ಟು ಬರೆಯಲು ನನಗೆ ಹನ್ನೆರಡು ವರ್ಷ ಬೇಕಾಯಿತು — ನಿನ್ನ ಕೆನ್ನೆಗೆ ಹೊಡೆಯುವ ಹೊತ್ತಿಗೆ ಅದು ನನಗೆ ಗೊತ್ತಿತ್ತು.

ಅನುಮಾನ ಇತ್ತು ಎಂದಲ್ಲ. ಗೊತ್ತೇ ಇತ್ತು. ತಕ್ಕಡಿಯಲ್ಲಿ ತೂಗಿ ನೋಡಿ, ಅಂಕಿ ಕಂಡು, ಆಮೇಲೆ ಅಂಗಳಕ್ಕೆ ಬಂದು ಹೊಡೆದವಳು ನಾನು.

ಇದನ್ನು ನೀನೊಬ್ಬಳೇ ಅಲ್ಲ, ನಾಲ್ಕು ಜನ ಓದಬೇಕು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಸಹಿಸಿಕೊ. ಕೆದಂಬಾಡಿಯ ಆ ಮನೆಯಲ್ಲಿ ನಾನು ಹಿರಿಯ ಸೊಸೆ ಸಾವಿತ್ರಿ, ನೀನು ಕಿರಿಯವಳು. ನಿನ್ನ ಗಂಡ ರಮೇಶ ನನ್ನ ಮೈದುನ. ನಮ್ಮತ್ತೆಯ ಮಿಡಿ ಉಪ್ಪಿನಕಾಯಿಗೆ ಪುತ್ತೂರು ಪೇಟೆಯವರೆಗೆ ಹೆಸರು. ಆದರೆ ಅವರ ಬಳಿ ತಕ್ಕಡಿ ಎಂಬುದೇ ಇರಲಿಲ್ಲ. ಒಂದು ಹಿತ್ತಾಳೆಯ ಕುಡ್ತೆ ಇತ್ತು — ಅಂಗೈಯಲ್ಲಿ ಕೂರುವಷ್ಟು ದೊಡ್ಡ, ಅಗಲ ಬಾಯಿಯ ಅಳತೆಯ ಪಾತ್ರೆ. ಅಕ್ಕಿಗೂ ಅದೇ, ಮೆಣಸಿನ ಪುಡಿಗೂ ಅದೇ, ಉಪ್ಪಿಗೂ ಅದೇ. ನಾನು ವಿಜ್ಞಾನ ಓದಿದವಳು, ಮದುವೆಗೆ ಮೊದಲು ಶಾಲೆಯಲ್ಲಿ ಪಾಠ ಮಾಡಿದವಳು. ಕುಡ್ತೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪೇಟೆಯ ಅಂಗಡಿಗಳಿಗೆ ಕೊಡುವ ಉಪ್ಪಿನಕಾಯಿ ಪ್ರತಿ ಸಲವೂ ಒಂದೇ ರುಚಿ ಇರಬೇಕಾದರೆ ಎಲ್ಲವನ್ನೂ ಗ್ರಾಂಗೆ ತರಬೇಕು ಎಂದು ಹಟ ಹಿಡಿದು, ಒಂದು ಡಿಜಿಟಲ್ ತಕ್ಕಡಿ ತರಿಸಿದೆ.

ಅತ್ತೆ ಅದನ್ನು ನೋಡಿ ನಕ್ಕದ್ದು ನಿನಗೆ ನೆನಪಿರಬಹುದು. "ಉಪ್ಪಿನಕಾಯಿಗೆ ತಕ್ಕಡಿ ಎಂತಕ್ಕೆ ಮಾರಾಯ್ತಿ? ಇದೆಂತ ಚಿನ್ನದ ಅಂಗಡಿಯಾ?" ಅಂದರು. ಕೆಲಸಕ್ಕೆ ಬಂದಿದ್ದ ಹೆಂಗಸರೂ ನಕ್ಕರು. ನೀನೊಬ್ಬಳು ನಗಲಿಲ್ಲ. ನೀನು ಆ ತಕ್ಕಡಿಯ ಮೇಲೆ ಒಂದು ಕರಿಬೇವಿನ ಎಲೆ ಇಟ್ಟು, ಒಂದು ನಿಂಬೆಹಣ್ಣು ಇಟ್ಟು, ಕೆಂಪು ಅಂಕಿ ಬದಲಾಗುವುದನ್ನು ಮಗುವಿನ ಹಾಗೆ ನೋಡುತ್ತಾ ಕೂತಿದ್ದೆ. ನನಗೆ ಆ ಮನೆಯಲ್ಲಿ ಸಿಕ್ಕಿದ ಒಬ್ಬಳೇ ಶಿಷ್ಯೆ ನೀನು. ಅಕ್ಕ ಹೇಳಿದರೆ ಅದು ಸರಿಯೇ ಎಂದು ನಂಬಿದವಳು. ನಂಬಿದವಳನ್ನೇ ನಾನು — ಇರಲಿ, ಒಂದೊಂದಾಗಿ ಹೇಳುತ್ತೇನೆ.

ಆ ವರ್ಷ ಮಿಡಿ ಬರುವ ಹೊತ್ತಿಗೆ ಸರಿಯಾಗಿ ಅತ್ತೆ ಸುಳ್ಯಕ್ಕೆ ಮಗಳ ಬಾಣಂತನಕ್ಕೆ ಹೊರಟರು. ಹೊರಡುವಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಇಷ್ಟೇ: "ಒಂದು ಬುಟ್ಟಿ ಮಿಡಿಗೆ ಐದು ಕುಡ್ತೆ ಉಪ್ಪು. ಹಾಳು ಮಾಡಿದ್ರೆ ಇನ್ನು ನೀನು ನನ್ನ ಭರಣಿ ಮುಟ್ಟುದು ಬೇಡ, ಅಡಿಗೆಮನೆಯೂ ಬೇಡ." ಆ ಮಾತು ನನಗೆ ಮೆಣಸಿನ ಹಾಗೆ ಹತ್ತಿತು. ಅವರು ಬರುವಷ್ಟರಲ್ಲಿ ಸಾಲಾಗಿ ಭರಣಿ ತುಂಬಿಸಿಟ್ಟು, ಇದು ಗ್ರಾಂ ಲೆಕ್ಕದ್ದು ನೋಡಿ ಎಂದು ತೋರಿಸಬೇಕು, ಅವರ ಬಾಯಿ ಮುಚ್ಚಿಸಬೇಕು ಎಂದು ತೀರ್ಮಾನಿಸಿದೆ.

ನಾವಿಬ್ಬರೂ ಉಗ್ರಾಣದ ಜಗಲಿಯಲ್ಲಿ ಕೂತು ಅಳೆದೆವು. ನಾನು ಕುಡ್ತೆಗೆ ಕಲ್ಲುಪ್ಪು ತುಂಬಿ, ಚಾಕುವಿನ ಬೆನ್ನಿನಿಂದ ಮೇಲಿನದನ್ನು ಸವರಿ ಮಟ್ಟಸ ಮಾಡಿ ತಕ್ಕಡಿಗೆ ಸುರಿದೆ. ನೀನು ಅಂಕಿ ಓದಿದೆ. ಇನ್ನೂರು ಗ್ರಾಂ ಚಿಲ್ಲರೆ. ಅದನ್ನು ಐದರಿಂದ ಗುಣಿಸಿದೆ, ಬುಟ್ಟಿ ಮಿಡಿಯ ತೂಕದಿಂದ ಭಾಗಿಸಿದೆ, ಒಂದು ಕಿಲೋ ಮಿಡಿಗೆ ಇಷ್ಟು ಉಪ್ಪು ಎಂದು ಲೆಕ್ಕ ಕಟ್ಟಿದೆ. ಗುಣಾಕಾರ ತಪ್ಪಲಿಲ್ಲ, ಭಾಗಾಕಾರವೂ ತಪ್ಪಲಿಲ್ಲ. ತಪ್ಪಿದ್ದು ಚಾಕುವಿನ ಬೆನ್ನು.

ನಮ್ಮ ಮನೆಯಲ್ಲಿ ಅಕ್ಕಿಯನ್ನು ಮಟ್ಟಸ ಅಳೆಯುತ್ತಿದ್ದರು, ಉಪ್ಪನ್ನಲ್ಲ. ಉಪ್ಪಿನ ತಲೆ ಸವರಬಾರದು, ಸವರಿದರೆ ಮನೆಯ ಐಶ್ವರ್ಯ ಸವರಿ ಹೋಗುತ್ತದೆ ಎಂದು ಅತ್ತೆಯ ನಂಬಿಕೆ. ಅವರ ಕುಡ್ತೆಯಲ್ಲಿ ಉಪ್ಪು ಯಾವಾಗಲೂ ಉಕ್ಕಿ ರಾಶಿ ನಿಂತಿರುತ್ತಿತ್ತು. ಐದು ಹಾಕಿ ಮುಗಿದ ಮೇಲೆ ಎರಡೂ ಕೈಯಲ್ಲಿ ಬಾಚಿ ಭರಣಿಯ ಬಾಯಿಗೆ ಇನ್ನಷ್ಟು ಹೊದಿಸುತ್ತಿದ್ದರು. ಕೈಯಲ್ಲಿ ಹಾಕಿದ್ದು ಲೆಕ್ಕಕ್ಕಿಲ್ಲ. ಇದನ್ನೆಲ್ಲ ನಾನು ವರ್ಷ ವರ್ಷ ಕಣ್ಣಾರೆ ಕಂಡಿದ್ದೆ. ಕಂಡೂ ಲೆಕ್ಕಕ್ಕೆ ಹಿಡಿಯಲಿಲ್ಲ. ನನ್ನ ಪಾಲಿಗೆ ಅದು ಮುದುಕಿಯ ಚಾಳಿ, ಅಳತೆಯಲ್ಲ. ಕುಡ್ತೆಯನ್ನು ಗ್ರಾಂಗೆ ತರುವಾಗ ಕುಡ್ತೆ ಹಿಡಿದ ಕೈಯನ್ನೂ ತರಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಹೀಗೆ ಬೇಕಾದದ್ದರ ಅರ್ಧದಷ್ಟು ಉಪ್ಪಿನಲ್ಲಿ ಮಿಡಿಗಳು ಭರಣಿ ಸೇರಿದವು.

ಅದಾಗಿ ಮೂರನೆಯ ದಿನವೋ ನಾಲ್ಕನೆಯ ದಿನವೋ ನೀನು ಹೊರಗಾಗಿದ್ದೆ. ಮುಟ್ಟಾದವಳು ಉಪ್ಪಿನಕಾಯಿಯ ಹತ್ತಿರ ಸುಳಿದರೆ ಅದು ಹಾಳಾಗುತ್ತದೆ ಎಂಬುದು ನಮ್ಮ ಕಡೆಯ ಕಟ್ಟುನಿಟ್ಟು. ನೀನು ಹಿಂದಿನ ಚಾವಡಿಯ ಮೂಲೆಯಲ್ಲಿ ಚಾಪೆ ಹಾಕಿ ಕೂತಿದ್ದೆ. ನನ್ನ ಎರಡೂ ಕೈ ಮೆಣಸಿನ ಪುಡಿಯಲ್ಲಿತ್ತು. ಉಪ್ಪು ಹಾಕಿದ ಮಿಡಿಯನ್ನು ಮೊದಲ ಒಂದು ವಾರ ದಿನಾ ಒಮ್ಮೆ ಮರದ ಸೌಟಿನಿಂದ ತಿರುವಬೇಕು, ಆಮೇಲೆ ಬಟ್ಟೆ ಕಟ್ಟಿ ಕಲ್ಲು ಹೇರಿ ಬಿಡುವುದು. ನಾನೇ ಕೂಗಿ ಹೇಳಿದೆ, ಒಳಗೆ ಹೋಗಿ ಒಮ್ಮೆ ತಿರುವಿ ಬಾ ಎಂದು.

ನೀನು ಹೆದರಿ ಎದ್ದು ನಿಂತೆ. "ಅಕ್ಕ, ನಾನು ಹೊರಗೆ ಅಲ್ವಾ… ಅತ್ತೆಗೆ ಗೊತ್ತಾದ್ರೆ?"

ನಾನು ನಕ್ಕೆ. "ಉಪ್ಪಿಗೆ ಕಣ್ಣುಂಟಾ ನೀನು ಹೊರಗೆ ಅಂತ ನೋಡ್ಲಿಕ್ಕೆ? ಸುಮ್ನೆ ಹೋಗು. ನಾನು ಹೇಳಿದ್ರೆ ಅಲ್ವಾ ಅತ್ತೆಗೆ ಗೊತ್ತಾಗುದು?"

ಹೌದು. ನಾನು ಹೇಳಿದರೆ ತಾನೇ.

ಅತ್ತೆ ಸುಳ್ಯದಿಂದ ಬಂದ ಮರುದಿನ ಬೆಳಿಗ್ಗೆ ಭರಣಿಗಳನ್ನು ಅಂಗಳಕ್ಕೆ ಇಳಿಸಿದೆವು. ಮೊದಲನೆಯದರ ಬಟ್ಟೆ ಬಿಚ್ಚುತ್ತಿದ್ದಂತೆ ನಾತ ಬಂತು. ಮೇಲೆ ಬಿಳಿ ನೊರೆ, ಗುಳ್ಳೆ. ಅತ್ತೆ ಕೈ ಹಾಕಿ ಒಂದು ಮಿಡಿ ತೆಗೆದು ಒತ್ತಿದರು. ಅದು ಬೆರಳ ಸಂದಿನಲ್ಲಿ ಲೋಳೆಯಾಗಿ ಇಳಿಯಿತು. ಎರಡನೆಯದು ಹಾಗೆಯೇ. ಮೂರನೆಯದನ್ನು ಅವರು ಬಿಚ್ಚಲೇ ಇಲ್ಲ, ಮುಚ್ಚಿದ್ದ ಕಲ್ಲನ್ನೇ ಎತ್ತಿ ಭರಣಿಗೆ ಹೊಡೆದರು. ಭರಣಿ ಹೋಳಾಗಿ ಹಳಸಿದ ಉಪ್ಪುನೀರು ಅಂಗಳದ ತುಂಬ ಹರಿಯಿತು. ಕೆಲಸದ ಹೆಂಗಸರು ಮೂಗಿಗೆ ಸೆರಗು ಹಿಡಿದು ನಿಂತರು. ಪಕ್ಕದ ಮನೆಯವರೂ ಬೇಲಿಯ ಹತ್ತಿರ ಬಂದರು.

ನಾನು ಒಳಗೆ ಓಡಿದೆ. ಎಲ್ಲರೂ ಅಂದುಕೊಂಡರು ಅಳಲಿಕ್ಕೆ ಹೋದಳು ಎಂದು. ನಾನು ಉಗ್ರಾಣದ ಬಾಗಿಲು ಹಾಕಿಕೊಂಡು, ಕುಡ್ತೆಗೆ ಉಪ್ಪು ತುಂಬಿ, ಈ ಸಲ ಸವರದೆ, ಅತ್ತೆ ಮಾಡುವ ಹಾಗೆ ರಾಶಿ ಏರಿಸಿ ತಕ್ಕಡಿಗೆ ಸುರಿದೆ. ಮುನ್ನೂರು ದಾಟಿತು. ಎರಡು ಕೈಯಲ್ಲಿ ಬಾಚಿ ಅದರ ಮೇಲೆ ಹಾಕಿದೆ. ಅಂಕಿ ಏರುತ್ತಲೇ ಹೋಯಿತು. ಹೊರಗೆ ಅತ್ತೆ ಕಿರುಚುತ್ತಿದ್ದರು — "ಯಾರು ಮುಟ್ಟಿದ್ದು? ಯಾರು ಮುಟ್ಟಿದ್ದು ಹೇಳಿ!"

ಆಗ ನನಗೊಂದು ದಾರಿ ಕಂಡಿತು. ಎಷ್ಟು ಬೇಗ ಕಂಡಿತು ಎಂದು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ. ಉಪ್ಪನ್ನು ಮತ್ತೆ ಮೂಟೆಗೆ ಸುರಿದೆ, ಮುಖ ಒರೆಸಿಕೊಂಡೆ, ಹೊರಗೆ ಬಂದೆ. ಹೇಳಿದೆ.

"ಇವಳು ಹೊರಗಿದ್ದಾಗ ಉಗ್ರಾಣಕ್ಕೆ ಹೋದದ್ದು ನಾನು ಕಂಡಿದ್ದೇನೆ ಅತ್ತೆ."

ನೀನು ನನ್ನ ಕಡೆ ತಿರುಗಿದೆ. ನಿನ್ನ ಮುಖದಲ್ಲಿ ಸಿಟ್ಟು ಇರಲಿಲ್ಲ. ಅಕ್ಕ ಏನೋ ಮರೆತಿದ್ದಾಳೆ, ನೆನಪು ಮಾಡಿದರೆ ಸರಿಹೋಗುತ್ತದೆ ಎಂಬ ಹಾಗೆ, ಮೆಲ್ಲಗೆ ಕೇಳಿದೆ — "ನೀವೇ ಅಲ್ವಾ ಅಕ್ಕ ಕಳಿಸಿದ್ದು?"

ನಾನು ಹೊಡೆದೆ. ಬಲಗೈ ಬೀಸಿ, ಪೂರ್ತಿ ಶಕ್ತಿಯಿಂದ. "ನನ್ನ ಮೇಲೆ ಹಾಕ್ತೀಯಾ?" ಎಂದು ಕೂಗಿದೆ. ನಿನ್ನ ಮೂಗಿನ ನತ್ತು ನನ್ನ ಬೆರಳಿಗೆ ಗೀರಿ ರಕ್ತ ಬಂತು. ಅದು ನನ್ನದೋ ನಿನ್ನದೋ ಗೊತ್ತಾಗಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಕೋತಿ ಕೂಡ ಒರೆಸಿ ಸುಮ್ಮನಾಯಿತು, ಮೇಕೆಗೆ ಹೊಡೆಯಲಿಲ್ಲ.

ನಾನು ಹೊಡೆದದ್ದರಿಂದಲೇ ಎಲ್ಲರೂ ನಂಬಿದರು. ಮಾತಿನಿಂದ ಅಲ್ಲ. ಎಂದೂ ಯಾರ ಮೇಲೂ ಕೈ ಎತ್ತದ ಹಿರಿಯ ಸೊಸೆ ಹೊಡೆದಳೆಂದರೆ ವಿಷಯ ನಿಜವೇ ಇರಬೇಕು. ಅತ್ತೆ ನಿನ್ನ ತುರುಬು ಹಿಡಿದು ಎಳೆದರು. ತೋಟದಿಂದ ಗಲಾಟೆ ಕೇಳಿ ಓಡಿ ಬಂದ ರಮೇಶನಿಗೆ ಅತ್ತೆ ಹೇಳಿದ್ದು ಒಂದೇ ವಾಕ್ಯ. ಅವನು ನಿನ್ನನ್ನು ಏನೂ ಕೇಳಲಿಲ್ಲ. ಭರಣಿಗೆ ಒರಗಿಸಿಟ್ಟಿದ್ದ ಮರದ ಸೌಟು — ಮಾರುದ್ದದ್ದು, ಉಪ್ಪುನೀರು ಕುಡಿದು ಭಾರವಾಗಿದ್ದದ್ದು — ಅದನ್ನು ಎತ್ತಿಕೊಂಡ. ಮೊದಲು ಬೆನ್ನಿಗೆ. ನೀನು ಬಗ್ಗಿದೆ. ಎರಡನೆಯದು ಬೆನ್ನಿಗೇ ಬೀಸಿದ್ದು, ನೀನು ನನ್ನ ಕಡೆ ಮುಖ ಎತ್ತಿದ್ದರಿಂದ ಎಡಗಿವಿಗೆ ಬಿತ್ತು. ಆ ಸದ್ದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗಿತ್ತು.

ನೀನು ಒಡೆದ ಭರಣಿಯ ಹೋಳುಗಳ ಮೇಲೆ ಬಿದ್ದೆ. ಮೊಣಕೈ ಸೀಳಿತು. ಹಳಸಿದ ಉಪ್ಪುನೀರು ಗಾಯಕ್ಕೆ ಹತ್ತಿ ನೀನು ಕೂಗಿದ ಕೂಗಿಗೆ ಬೇಲಿಯ ಹತ್ತಿರ ನಿಂತಿದ್ದವರು ಕೂಡ ಹಿಂದೆ ಸರಿದರು. ಅವನು ಮತ್ತೂ ಹೊಡೆದ. ಕೆಲಸದ ಹೆಂಗಸೊಬ್ಬಳು ಅಡ್ಡ ಬಂದು, "ಸಾಯ್ತಾರೆ ಅಣ್ಣೆರೇ, ಬಿಡಿ, ಬಿಡಿ!" ಎಂದು ಅವನ ಕೈ ಹಿಡಿದಳು. ನಾನು ಹಿಡಿಯಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಮೊದಲ ಏಟಿಗೂ ಎರಡನೆಯದಕ್ಕೂ ನಡುವೆ ಸಮಯವಿತ್ತು, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಸಮಯವಿತ್ತು. ನಾನು ಪ್ರತಿ ಸಲವೂ ಬಾಯಿ ಮುಚ್ಚಿಕೊಂಡೆ. ಹೆದರಿ ಸುಮ್ಮನಿದ್ದೆ ಎಂದು ಬರೆಯಬಹುದಿತ್ತು. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು, ಬಚಾವಾದೆ ಎಂಬ ನಿರಾಳ. ನಿನ್ನ ಕಿವಿಯಿಂದ ರಕ್ತ ಇಳಿಯುವಾಗ ನನ್ನ ಎದೆ ಹಗುರವಾಗುತ್ತಿತ್ತು. ಇದನ್ನು ಇಲ್ಲಿಯವರೆಗೆ ನಾನು ದೇವರಿಗೂ ಹೇಳಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಅಂಗಳದಲ್ಲಿ ಜಾರಿ ಬಿದ್ದಳು ಎಂದವಳೂ ನಾನೇ. ನೀನು ಗೋಡೆಯ ಕಡೆ ನೋಡುತ್ತಿದ್ದೆ. ಕಿವಿಯ ತಮಟೆ ಹರಿದಿದೆ, ಒಳಗೂ ಪೆಟ್ಟಾಗಿದೆ, ಆ ಕಿವಿ ಇನ್ನು ಕೇಳಿಸುವುದು ಕಷ್ಟ ಎಂದು ಅವರು ಹೇಳಿದಾಗ ನೀನು ಏನು ಎಂದು ಕೇಳಲಿಲ್ಲ. ನಿನಗೆ ಅದು ಕೇಳಿಸಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಬೆಳ್ಳಾರೆಯಿಂದ ನಿನ್ನಣ್ಣ ಬಂದು ಕರೆದುಕೊಂಡು ಹೋದರು. ಮತ್ತೆ ಹಿರಿಯರು ಕೂತು ಮಾತುಕತೆ ಆಯಿತಲ್ಲ, ನಮ್ಮ ಚಾವಡಿಯಲ್ಲಿ. ಅತ್ತೆ, "ಉಪ್ಪು ತಿಂದವ ನೀರು ಕುಡಿಯಲೇಬೇಕು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅದು ನನ್ನ ಬಗ್ಗೆಯೇ ಹೇಳಿದ ಹಾಗಿತ್ತು. ನಿನ್ನಣ್ಣ ನನ್ನ ಮುಖ ನೋಡಿ ಕೇಳಿದರು: "ದೀಪ ಮುಟ್ಟಿ ಹೇಳಿ ಅಕ್ಕ, ಅವಳು ನಿಮಗೆ ಹೇಳದೆ ಒಳಗೆ ಹೋದದ್ದಾ?"

ನಾನು ದೀಪ ಮುಟ್ಟಿದೆ. ಮುಟ್ಟಿ ಹೇಳಿದೆ — "ಅವಳು ಉಗ್ರಾಣಕ್ಕೆ ಹೋದದ್ದು ನಾನು ಕಂಡದ್ದು ಸತ್ಯ."

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಯಾರೂ ಗಮನಿಸಲಿಲ್ಲ. ನೀನು ಗಮನಿಸಿದೆ. ಕೇಳಿಸುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೂತಿದ್ದೆ. ಎದ್ದು, ಮಂಗಳಸೂತ್ರ ತೆಗೆದು ದೀಪದ ಬುಡದಲ್ಲಿಟ್ಟು ಹೊರಟುಹೋದೆ. ಸುಳ್ಳು ಆಣೆ ಹಾಕಲಿಲ್ಲ ಎಂದು ನಾನು ಎಷ್ಟು ವರ್ಷ ನನ್ನನ್ನು ಸಮಾಧಾನ ಮಾಡಿಕೊಂಡೆ ಗೊತ್ತೇ! ಸತ್ಯವನ್ನೇ ಕತ್ತಿ ಮಾಡಿ ಇರಿದವಳಿಗೆ ಅದೂ ಒಂದು ಸಮಾಧಾನ.

ಇನ್ನು ಕೇಳು, ಇದಕ್ಕಿಂತ ಕೆಟ್ಟದ್ದು. ಮರುವರ್ಷ ನಾನು ಸರಿಯಾದ ತೂಕಕ್ಕೆ ಉಪ್ಪು ಹಾಕಿದೆ. ರಾಶಿ ಕುಡ್ತೆಯದನ್ನು ತೂಗಿ, ಕೈಯಲ್ಲಿ ಬಾಚಿ ಹೊದಿಸುವುದನ್ನೂ ತೂಗಿ, ಎಲ್ಲ ಸೇರಿಸಿ ಗ್ರಾಂ ಕಟ್ಟಿದೆ. ಒಂದು ಮಿಡಿಯೂ ಮೆದುವಾಗಲಿಲ್ಲ. ಆಗ ಊರು ಏನಂದಿತು? "ನೋಡಿ, ಅವಳು ಹೋದ ಮೇಲೆ ಒಂದು ಭರಣಿಯಾದ್ರೂ ಹಾಳಾಯ್ತಾ?" ನಾನು ತಿದ್ದಿಕೊಂಡ ತಪ್ಪೇ ನಿನ್ನ ಮೇಲಿನ ಸಾಕ್ಷಿಯಾಯಿತು. ಉಪ್ಪಿನಕಾಯಿ ಚೆನ್ನಾದಷ್ಟೂ ನೀನು ಅಪರಾಧಿಯಾದೆ. ಅತ್ತೆ ಸಾಯುವವರೆಗೆ ಹಾಗೆಯೇ ನಂಬಿದ್ದರು. ನಾನು ಬಡಿಸುತ್ತಿದ್ದೆ, ಜನ ಚಪ್ಪರಿಸುತ್ತಿದ್ದರು, ನಿನ್ನನ್ನು ಬಯ್ಯುತ್ತಿದ್ದರು.

ಮುಂದೆ ನನಗೆ ಹೆಸರು ಬಂತು. ಕುಡ್ತೆ, ಪಾವು, ಸೇರುಗಳನ್ನು ಗ್ರಾಂಗೆ ತರುವುದು ಹೇಗೆ ಎಂದು ಸ್ವಸಹಾಯ ಗುಂಪಿನ ಹೆಂಗಸರಿಗೆ ಹೇಳಿಕೊಡಲು ಸುಳ್ಯ, ಕಡಬ ಎಂದು ಕರೆಯುತ್ತಾರೆ. ನಾನು ಹೋಗಿ ದೊಡ್ಡ ದನಿಯಲ್ಲಿ ಪಾಠ ಮಾಡುತ್ತೇನೆ. ಅದೇ ಪಾತ್ರೆಯಲ್ಲಿ ಮೆಣಸಿನ ಪುಡಿ ಹಗುರ, ಸಾಸಿವೆ ಭಾರ, ಉಪ್ಪು ಇನ್ನೂ ಭಾರ. ಎಲ್ಲದಕ್ಕೂ ಒಂದೇ ತೂಕ ಎಂದುಕೊಂಡರೆ ಕೆಟ್ಟಿರಿ. ಅಳೆಯುವವರ ಕೈ ನೋಡಿ, ರಾಶಿಯೋ ಮಟ್ಟಸವೋ ನೋಡಿ, ಆಮೇಲೆ ತೂಗಿ. ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿದರೆ, ಅನುಭವದಿಂದ ಎನ್ನುತ್ತೇನೆ. ಅವರು ತಲೆದೂಗುತ್ತಾರೆ.

ಕಳೆದ ವಾರ ಕೊಯಿಲದ ಒಂದು ಗುಂಪಿಗೆ ಹೋಗಿದ್ದೆ. ಮನೆಯ ಹಿಂದೆಯೇ ಶೆಡ್ಡು ಹಾಕಿ ಉಪ್ಪಿನಕಾಯಿ ಮಾಡುತ್ತಾರೆ. ಗುಂಪಿನ ಮುಖ್ಯಸ್ಥೆ ಬಾಯಿ ಜೋರಿನ ಹೆಂಗಸು, ಒಳ್ಳೆಯವಳೇ ಎನಿಸಿತು. ಪಾತ್ರೆ ತೊಳೆಯುತ್ತಿದ್ದ ಅವಳ ಸೊಸೆಯ ತುಟಿ ಒಡೆದು ಊದಿತ್ತು, ಕುತ್ತಿಗೆಯಲ್ಲಿ ಉಗುರಿನ ಗೀರು. ಏನಾಯಿತು ಎಂದು ಕೇಳಿದೆ. ಅತ್ತೆಯೇ ಉತ್ತರ ಕೊಟ್ಟಳು, ನಾಚಿಕೆಯಿಲ್ಲದೆ: "ಹೊರಗೆ ಇರುವಾಗ ಶೆಡ್ಡಿಗೆ ಬಂದಿದ್ಳು ಮೇಡಂ. ನಾನು ಬಿಟ್ಟೇನಾ? ಎರಡು ಕೊಟ್ಟೆ. ನಿಮ್ಮ ಮನೆಯಲ್ಲಿ ಆದದ್ದು ಗೊತ್ತುಂಟಲ್ಲ, ಒಬ್ಳು ಮುಟ್ಟಿ ಎಲ್ಲಾ ಭರಣಿ ಕೊಳೆತದ್ದು. ನಾವು ಎಲ್ರಿಗೂ ಅದನ್ನೇ ಹೇಳುದು. ಇಷ್ಟು ಓದಿದ ನೀವೇ ಒಪ್ಪಿದ್ದೀರಿ, ಮತ್ತೆಂತ?"

ನಾನು ತೂಕದ ಬಟ್ಟಲಿನ ಕಡೆ ಕೈ ಚಾಚಿದೆ. ಎತ್ತಿಕೊಂಡೆ. ಪಾಠ ಮುಗಿಸಿದೆ. ಹೌದು ವಾರಿಜಾ, ಆಗಲೂ ಸುಮ್ಮನಿದ್ದು ಪಾಠ ಮುಗಿಸಿದೆ, ಅವರು ಕೊಟ್ಟ ಚಹಾ ಕುಡಿದೆ, ಬಸ್ಸು ಹತ್ತಿದೆ. ಅಂಥ ಹೆಣ್ಣು ನಾನು.

ನಿನ್ನ ಮೇಲೆ ಹೊರಿಸಿದ್ದು ನಿನ್ನಲ್ಲೇ ಮುಗಿಯಿತು ಎಂದುಕೊಂಡಿದ್ದೆ. ಅದು ಮುಗಿಯದೆ ಮನೆಯಿಂದ ಮನೆಗೆ ಹೋಗಿ, ನಾನು ಕಾಣದ ಅಂಗಳಗಳಲ್ಲಿ, ನಾನು ಅರಿಯದ ಹುಡುಗಿಯರ ಮೈಮೇಲೆ ಇನ್ನೂ ಬೀಳುತ್ತಿದೆ. ಎರಡು ದಿನ ಬಿಟ್ಟು ಮತ್ತೆ ಕೊಯಿಲಕ್ಕೆ ಹೋದೆ. ಅತ್ತೆ, ಸೊಸೆ ಇಬ್ಬರನ್ನೂ ಶೆಡ್ಡಿನಲ್ಲಿ ಕೂರಿಸಿ, ಉಪ್ಪು ತರಿಸಿ, ಒಂದು ಬಟ್ಟಲು ಮಟ್ಟಸ ತೂಗಿದೆ, ಒಂದು ಬಟ್ಟಲು ರಾಶಿ ತೂಗಿದೆ. ನಮ್ಮ ಮನೆಯ ಮಿಡಿ ಕೊಳೆತದ್ದು ಈ ಎರಡು ಅಂಕಿಯ ನಡುವೆ ಎಂದೆ. ಯಾರೂ ಮುಟ್ಟಿ ಅಲ್ಲ. ನಾನು ಸುಳ್ಳು ಹೇಳಿದೆ, ನಾನು ಹೊಡೆದೆ, ಹೊಡೆಸಿದೆ ಎಂದೆ. ಅತ್ತೆ ತಕ್ಕಡಿಯ ಅಂಕಿ ನೋಡುತ್ತಿದ್ದಳು. ಸೊಸೆ ಮಾತ್ರ ನನ್ನನ್ನೇ ನೋಡುತ್ತಾ, ಒಡೆದ ತುಟಿಯಲ್ಲಿ ಕಷ್ಟಪಟ್ಟು ಕೇಳಿದಳು — "ಅವರ ಹತ್ರ ಹೇಳಿದ್ರಾ?"

"ಇಲ್ಲ," ಎಂದೆ.

"ಮತ್ತೆ ನನ್ನ ಹತ್ರ ಎಂತಕ್ಕೆ ಹೇಳುದು?"

ಗುರುತಿಲ್ಲದವಳ ಮುಂದೆ ಹೇಳಿ ಹಗುರಾಗಲು ಹೋಗಿದ್ದೆ, ಅದು ಆ ಹುಡುಗಿಗೆ ಕೂಡ ಗೊತ್ತಾಯಿತು.

ಅದೇ ಸಂಜೆ ರಮೇಶನಿಗೆ ಹೇಳಿದೆ. ಅವನು ಅಡಿಕೆ ಗೋಣಿ ಹೊಲಿಯುತ್ತಿದ್ದ. ಕೇಳಿ ಮುಗಿಯುವಷ್ಟರಲ್ಲಿ ಎದ್ದು ಬಂದು ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಉಸಿರು ಸಿಕ್ಕಿಕೊಂಡಿತು, ಕಣ್ಣು ಕತ್ತಲಾಯಿತು. ನಾನು ಬಿಡಿಸಿಕೊಳ್ಳಲಿಲ್ಲ. ಅವನೇ ಬಿಟ್ಟ. ಒಳಗೆ ಹೋಗಿ ತಕ್ಕಡಿ ತಂದು ಹೊಸ್ತಿಲಿಗೆ ಅಪ್ಪಳಿಸಿದ, ತುಂಡುಗಳನ್ನು ಕಾಲಿನಿಂದ ತುಳಿದ. ಕಪಾಟಿನಲ್ಲಿದ್ದ ಉಪ್ಪಿನಕಾಯಿ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಅಂಗಳಕ್ಕೆ ಎಸೆದ. ನಮ್ಮವರು, ಅವನ ಅಣ್ಣ, ತಡೆಯಲು ಹೋದಾಗ ನಾನೇ ಬೇಡವೆಂದೆ. ಕೊನೆಗೆ ಅವನು ಮೆಟ್ಟಿಲ ಮೇಲೆ ಕುಸಿದು ಕೂತು ಹೇಳಿದ: "ಅವತ್ತು ನೀವು ಹೇಳಿದ್ದು ಸುಳ್ಳು ಅತ್ತಿಗೆ. ಆದ್ರೆ ನಾನು ಅವಳ ಹತ್ರ ಒಂದು ಮಾತು ಕೇಳ್ಲಿಲ್ಲ. ಅದು ನಿಮ್ಮ ಲೆಕ್ಕಕ್ಕೆ ಬರುದಿಲ್ಲ, ಅದು ನಂದೇ." ತನ್ನ ಪಾಲನ್ನು ಅವನು ನನಗೆ ಬಿಟ್ಟುಕೊಡಲಿಲ್ಲ. ನನ್ನ ಪಾಲು ಅದರಿಂದ ಒಂದು ಕಾಳೂ ಕಡಿಮೆಯಾಗುವುದಿಲ್ಲ.

ನನ್ನ ಕುತ್ತಿಗೆಯಲ್ಲಿ ಇನ್ನೂ ಅವನ ಬೆರಳಿನ ಗುರುತು ಇದೆ. ಅದು ಮಾಸುತ್ತದೆ. ನಿನ್ನ ಕಿವಿ ಬರುವುದಿಲ್ಲ.

ಈ ಭಾನುವಾರ ಬೆಳ್ಳಾರೆಗೆ ಬರುತ್ತೇನೆ. ಒಬ್ಬಳೇ. ನೀನು ಬಾಗಿಲು ತೆರೆಯಬೇಕೆಂದಿಲ್ಲ. ಒಳಗೆ ಕರೆಯಬೇಡ, ನೀರು ಕೊಡಬೇಡ. ಕ್ಷಮಿಸು ಎಂದು ಕೇಳುವುದಿಲ್ಲ; ಕೇಳಿದರೆ ಕೊಡಬೇಕೋ ಬೇಡವೋ ಎಂದು ಯೋಚಿಸುವ ಕೆಲಸವೂ ನಿನ್ನ ತಲೆಗೇ ಬೀಳುತ್ತದೆ. ಹೊಡೆಯಬೇಕೆನಿಸಿದರೆ ಹೊಡಿ, ನಾನು ಕೈ ಅಡ್ಡ ತರುವುದಿಲ್ಲ. ನಿನ್ನ ಮೇಲೆ ಹೊರಿಸಿದ್ದು ನಾಲ್ಕು ಜನರ ಎದುರು, ಹಾಗಾಗಿ ಇಳಿಸುವುದೂ ನಾಲ್ಕು ಜನರ ಎದುರೇ ಆಗಬೇಕು. ನಿಮ್ಮ ಅಕ್ಕಪಕ್ಕದ ಮನೆಯವರನ್ನು ಕರೆದು, ನಿಮ್ಮ ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ: ಇವಳನ್ನು ಒಳಗೆ ಕಳಿಸಿದ್ದು ನಾನು. ಉಪ್ಪು ಕಡಿಮೆ ಹಾಕಿದ್ದು ನಾನು. ಗೊತ್ತಿದ್ದೂ ಹೊಡೆದದ್ದು ನಾನು.

ನೀನು ಬಾಗಿಲ ಹಿಂದೆ ನಿಂತಿದ್ದು ಕೇಳಿಸಲಿಲ್ಲ ಎಂದರೆ ಇನ್ನೊಮ್ಮೆ ಹೇಳುತ್ತೇನೆ, ಇನ್ನೂ ಗಟ್ಟಿಯಾಗಿ.